ಮಿಸಾವೊಳ ಮದ್ದು ಎಲ್ಲಿ ಹೋಯಿತು?

"ಡಾಕ್ಟರಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಸೊಸೆ ತಲೆ ಕೊಯ್ಯೋದನ್ನ ತಪ್ಪಿಸಿ!"

ತೊಸೆ ಅಮ್ಮ ಬಾಗಿಲಲ್ಲೇ ಕುಸಿದು ಕುಳಿತಳು. ಮುಖ ಬಿಸಿಲಿಗೆ ಸುಟ್ಟು ಕೆಂಪಾಗಿತ್ತು, ಅಳುವಿನ ನಡುವೆಯೂ ಆಕಳಿಕೆ. ಮನಸ್ಸು ಹದಗೆಟ್ಟ ಸೊಸೆ ಮಿಸಾವೊಳ ಆರೈಕೆಗೆಂದು ಆಸ್ಪತ್ರೆಯಲ್ಲೇ ಉಳಿದವಳು ಅವಳು. ಮಿಸಾವೊಳ ಗಂಡ ಯುದ್ಧಕ್ಕೆ ಹೋಗಿ, ಸೈಬೀರಿಯಾದಲ್ಲಿ ಸೆರೆಯಾಗಿ, ಇನ್ನೂ ಮರಳಿರಲಿಲ್ಲ.

ಜಪಾನಿನ ನಾಗಾನೊ ಸೀಮೆಯ ನಮ್ಮ ಹುಚ್ಚಾಸ್ಪತ್ರೆಯಲ್ಲಿ ಏನು ಕಾಣೆಯಾದರೂ ಎಲ್ಲರೂ ಓಡುವುದು ಡಾಕ್ಟರ್ ಕಿರಿಯಾ ಬಳಿಗೇ. ಔಷಧಿ ಕೋಣೆಯ ನುಮಾಟ ಎಂಬ ನಾನು ಆಕೆಯ ಬಾಲ. ಈ ಸಲ ಕಳ್ಳನ ಪಟ್ಟ ನನ್ನ ತಲೆಗೇ ಬಂದಿತ್ತು!

ಮಿಸಾವೊ ಮಾತ್ರೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಹಿರಿಯ ವೈದ್ಯ ಶಿರೈ ಹೊಸ ಮದ್ದನ್ನು ಗುಟ್ಟಾಗಿ ಊಟದಲ್ಲಿ ಬೆರೆಸಲು ಹೇಳಿದ್ದರು, ಅತ್ತೆಗೂ ತಿಳಿಯಕೂಡದು. ಪುಡಿ ಮಾಡಿ ಸಿಹಿ ಹೂರಣದ ಉಂಡೆಯಲ್ಲಿ ಸೇರಿಸಿದವನು ನಾನು. ಹೂರಣ ಯಾರು ಬಿಟ್ಟಾರು? ಅದೇ ಮದ್ದಿನಿಂದ ಉಳಿದ ರೋಗಿಗಳು ಶಾಂತರಾದರು. ಆ ಮದ್ದು ತಿಂದವರ ಚರ್ಮ ಬಿಸಿಲು ತಡೆಯದೆಂದು ಅವರಿಗೆ ಹುಲ್ಲಿನ ಟೋಪಿಗಳನ್ನೂ ಹಂಚಿದ್ದೆವು. ಮಿಸಾವೊ ಮಾತ್ರ ಬರಿತಲೆಯಲ್ಲಿ ದಿನವಿಡೀ ಕಳೆ ಕಿತ್ತರೂ ಬೆಳ್ಳಗೇ ಇದ್ದಳು, ಒಬ್ಬಳೇ ಬಡಬಡಿಸುತ್ತಿದ್ದಳು. ಮದ್ದು ಹಿಡಿಯಲಿಲ್ಲ, ನಾಡಿದ್ದು ಮೆದುಳಿನ ಶಸ್ತ್ರಕ್ರಿಯೆ ಎಂದರು ಶಿರೈ. ಇಲ್ಲವೇ ಮದ್ದನ್ನು ನಾನು ಮಾರಿಕೊಂಡಿರಬೇಕಂತೆ.

ಕಿರಿಯಾ ಆ ಮಧ್ಯಾಹ್ನ ಮಿಸಾವೊಳ ಊಟವನ್ನು ಮರೆಯಲ್ಲಿ ನಿಂತು ನೋಡಿದರು. ಆಮೇಲೆ ನಮ್ಮನ್ನೆಲ್ಲ ಶಿರೈ ಕೋಣೆಗೆ ಕರೆಸಿದರು.

"ನುಮಾಟ, ಉಸಿರು ಬಿಡ್ರಿ, ಕಳ್ಳ ನೀವಲ್ಲ. ಮದ್ದು ತಿಂದಿದ್ದು ತೊಸೆ ಅಮ್ಮ."

"ಅಯ್ಯಯ್ಯೋ! ನಾನ್ಯಾಕೆ ತಿನ್ಲಿ?"

"ಜನ್ಮವಿಡೀ ಗದ್ದೇಲಿ ದುಡಿದ ಮುಖ, ಬಟ್ಟೆ ಒಣಹಾಕಿದಷ್ಟಕ್ಕೇ ಸುಟ್ಟೋಯ್ತು. ಕೂತಲ್ಲೇ ತೂಕಡಿಕೆ ಬೇರೆ. ಎರಡೂ ಈ ಮದ್ದಿನ ಗುರುತು. ಆದ್ರೆ ಅದು ನಿಮ್ಮ ಬಾಯಿಗೆ ಬಿದ್ದಿದ್ದು ಹೇಗೆ? ದೂರ ಹೋದೋರು ಹಸಿದಿರಬಾರದು ಅಂತ ನಾವೆಲ್ಲ ಮನೇಲಿ ಒಂದು ಪಾಲು ಎತ್ತಿಡ್ತೀವಲ್ಲ? ಮಿಸಾವೊನೂ ಗಂಡನಿಗೆ ಎತ್ತಿಡ್ತಾಳೆ. ತಟ್ಟೇಲಿ ಎಲ್ಲಕ್ಕಿಂತ ರುಚಿಯಾದ್ದು ಹೂರಣದುಂಡೆ. ಅದನ್ನ ತಾನು ತಿಂತಾಳೇನ್ರೀ, ಶಿರೈ ಅವರೇ?"

ತೊಸೆ ಅಮ್ಮ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ಆ ಪಾಲು ಹಾಗೇ ಉಳಿದ್ರೆ ಅಳ್ತಾಳೆ. ಖಾಲಿಯಾಗಿದ್ರೆ 'ಅತ್ತೆ, ಅವರು ತಿಂದ್ರು!' ಅಂತ ನಗ್ತಾಳೆ. ಆ ನಗೆಗೋಸ್ಕರ ಕದ್ದು ತಿಂತಿದ್ದೆ ತಾಯೀ."

"ಆಯ್ತು, ಶಸ್ತ್ರಕ್ರಿಯೆ ನಿಲ್ಲಿಸೋಣ," ಎಂದರು ಶಿರೈ. "ಆದ್ರೆ ಅವಳು ಮದ್ದು ತಗೊಳ್ಳದಿದ್ರೆ ನನಗೆ ಬೇರೆ ದಾರಿಯಿಲ್ಲ."

ಕಿರಿಯಾ ಎದ್ದು ತೋಟಕ್ಕೆ ನಡೆದರು. ನಾವೂ ಹಿಂದೆ ಹೋದೆವು. ಅಲ್ಲಿ ಕಳೆ ಕೀಳುತ್ತಿದ್ದ ಮಿಸಾವೊಳ ಎದುರು ಕುಕ್ಕರುಗಾಲಲ್ಲಿ ಕುಳಿತು ಹೇಳಿದರು, "ನೀನು ಎತ್ತಿಟ್ಟ ಉಂಡೇಲಿ ನಿನ್ನ ಮದ್ದಿತ್ತಮ್ಮ. ನಿನಗೆ ಹೇಳದೆ ಬೆರೆಸಿದ್ದು ನಮ್ಮ ತಪ್ಪು."

ಮಿಸಾವೊ ಬಿಳಿಚಿಕೊಂಡಳು. "ಅವರಿಗೆ ಮದ್ದು ತಿನ್ನಿಸಿಬಿಟ್ನಾ? ಅವರಿಗೇನಾಗಿದೆ? ಕಾಯಿಲೆ ನನಗೆ ಕಣ್ರೀ!"

ಮಣ್ಣಾದ ಅಂಗೈಯನ್ನು ನನ್ನ ಮುಂದೆ ಚಾಚಿದಳು. ಮಾತ್ರೆ ಇಟ್ಟೆ. ನೀರಿಗೂ ಕಾಯದೆ ನುಂಗಿ, ಶಿರೈ ಕಡೆ ತಿರುಗಿ ಬಾಯಿ ಅಗಲಿಸಿ ತೋರಿಸಿದಳು.