ನವಾಬನಿಗೊಂದು ಜೊತೆ

"ಈ ಹಾವಿನಿಂದ ಮರಿ ಮಾಡಿಸಬಾರದ್ರಿ."

ಡಾಕ್ಟರ್ ಮುಸ್ತಾಕ ತಲೆ ಎತ್ತದೆಯೇ ಹೇಳಿದ.

ಶಾಹಿಸ್ತಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಒಳಗೇನಿದೆ ಎಂದು ಬಸ್ಸಿನಲ್ಲಿ ಪಕ್ಕದ ಹೆಂಗಸು ಕೇಳಿದಾಗ ಗಾಜಿನ ಸಾಮಾನು ಎಂದು ಸುಳ್ಳು ಹೇಳಿದ್ದಳು. ಇಷ್ಟು ಕಷ್ಟಪಟ್ಟು ಬಂದದ್ದು ಈ ಮಾತು ಕೇಳುವುದಕ್ಕೇ?

ಪೆಟ್ಟಿಗೆಯಲ್ಲಿದ್ದದ್ದು ನವಾಬ. ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಬಾಲ್ ಪೈಥಾನ್ ಎನ್ನುತ್ತಾರೆ. ವಿಷವಿಲ್ಲ. ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ; ಹೊರದೇಶದ್ದಾದ ಇದನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಿ ಸಾಕಿದ್ದರು.

ಲಕ್ಷ್ಮೇಶ್ವರದ ಈ ಪಶುವೈದ್ಯನ ಬಳಿ ಅದೇ ಜಾತಿಯ ಹೆಣ್ಣು ಹಾವೊಂದಿದೆ, ಊರು ಬಿಟ್ಟು ಹೋದ ಯಾರೋ ಒಪ್ಪಿಸಿ ಹೋಗಿದ್ದಾರೆ, ಒಳ್ಳೆಯ ಮನೆ ಹುಡುಕುತ್ತಿದ್ದಾನೆ ಎಂದು ಕೇಳಿ ಶಾಹಿಸ್ತಾ ಆಸೆಯಿಂದ ಬಂದಿದ್ದಳು.

"ಹೆಣ್ಣು ಹಾವು ಕೊಡತೇನಿ ಅಂತ ಫೋನಿನಾಗ ಅಂದಿದ್ರಿ..."

"ಸಾಕಾಕ ಕೊಡತೇನಿ ಅಂದಿದ್ದೆ. ಮರಿ ಮಾಡಿಸಾಕ ಅಂದಿರಲಿಲ್ಲ." ಮುಸ್ತಾಕ ನವಾಬನನ್ನು ಎರಡೂ ಕೈಯಲ್ಲಿ ಹಗುರವಾಗಿ ಹಿಡಿದಿದ್ದ. ಹಾವಿನ ತಲೆ ನಿಲ್ಲದೆ ನಡುಗುತ್ತಿತ್ತು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಆಮೇಲೆ ಪೂರ್ತಿ ಮಗುಚಿ ಗಂಟಲು ಮೇಲಾಯಿತು. "ನೋಡ್ರಿ. ಇದಕ್ಕ ಮ್ಯಾಲ ಯಾವುದು, ಕೆಳಗ ಯಾವುದು ಅನ್ನೂದ ತಿಳಿಯೂದಿಲ್ಲ."

"ಅದು ಮೊದಲಿಂದನೂ ಹಂಗ ಐತ್ರಿ."

"ಹುಟ್ಟಿನಿಂದ ಬಂದದ್ದು. ಮೈಮ್ಯಾಲಿನ ಈ ಜೇಡರ ಬಲಿ ಹಂಗಿನ ಚಿತ್ತಾರ ಐತೆಲ್ಲ, ಇದರ ಜೋಡೀನ ಬರತೈತಿ. ಇದರ ಮರಿಗಳಾಗ ಸುಮಾರು ಅರ್ಧಕ್ಕ ಹಿಂಗ ಆಗತೈತಿ. ಕೆಲವು ಬೇಟೆ ಹಿಡಿಯಾಕೂ ಬರದ ಒದ್ದಾಡತಾವು. ಚಂದ ಕಾಣತೈತಿ ಅಂತ ಜನ ಮಾಡಸ್ತಾರ, ಮಾರ್ತಾರ. ನಾ ಒಪ್ಪೂದಿಲ್ಲ."

"ನಾ ಮಾರಾಕ ಬಂದಿಲ್ರಿ..."

"ಯಾಕ ಬಂದ್ರೂ ಅಷ್ಟ. ಇಂಥಾ ರಕ್ತ ಇಲ್ಲಿಗೇ ನಿಲ್ಲಬೇಕು."

ಶಾಹಿಸ್ತಾಳ ಮುಖ ಬಿಳಿಚಿತು.

*ಇಂಥಾ ರಕ್ತ...*

ಅವಳು ನವಾಬನನ್ನು ಅವನಿಂದ ತೆಗೆದುಕೊಂಡಳು. ಬಟ್ಟೆಯ ಚೀಲದೊಳಗೆ ಬಿಟ್ಟು, ಚೀಲವನ್ನು ಪೆಟ್ಟಿಗೆಯಲ್ಲಿಟ್ಟು, ಹೊರಟೇಬಿಟ್ಟಳು.

"ರೀ... ನಾ ಏನರ ತಪ್ಪು ಅಂದೆನೇನ್ರಿ?"

ಅವಳು ಆಗಲೇ ಬೀದಿಗಿಳಿದಿದ್ದಳು.

---

ಹಿಂದೆ ಅವಳನ್ನು ನೋಡಲು ಬಂದಿದ್ದ ಮುಂಡರಗಿಯ ಗಂಡಿನ ಕಡೆಯವರೂ ಅದೇ ಮಾತು ಹೇಳಿದ್ದರು. ಹುಡುಗಿ ಓದಿದ್ದಾಳೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ ಎಂದು ಒಪ್ಪಿಯೇ ಬಂದಿದ್ದರು. ಆದರೆ ಒಳಕೋಣೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿದ್ದ ಅಝೀಮನನ್ನು ಕಂಡ ಮೇಲೆ ಹುಡುಗನ ದೊಡ್ಡಪ್ಪ ಚಹಾದ ಬಟ್ಟಲು ಕೆಳಗಿಟ್ಟಿದ್ದರು. ಇಂಥಾ ರಕ್ತ ನಮ್ಮ ಮನಿಗೆ ಬ್ಯಾಡ, ಎಂದಿದ್ದರು. ಅಝೀಮನಿಗೆ ಕೇಳಿಸುವಂತೆಯೇ.

ಅಝೀಮ ಶಾಹಿಸ್ತಾಳ ತಮ್ಮ. ಸ್ನಾಯುಗಳು ದಿನದಿಂದ ದಿನಕ್ಕೆ ಸೊರಗುವ ಕಾಯಿಲೆ ಅವನದು. ಶಾಲೆಗೆ ಓಡಿಹೋಗುತ್ತಿದ್ದವನು ಮೊದಲು ಎಡವತೊಡಗಿದ, ಆಮೇಲೆ ನಡಿಗೆ ನಿಂತಿತು, ಕೊನೆಗೆ ಕೈಯೂ ಏಳದಾಯಿತು. ತಾಯಿಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ, ಅಕ್ಕನೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದರು. ಶಾಹಿಸ್ತಾ ಹೋಗಿರಲಿಲ್ಲ. ಹೋಗಲು ಧೈರ್ಯವಾಗಿರಲಿಲ್ಲ.

ನವಾಬನನ್ನು ಅಝೀಮನಿಗೆ ಗೆಳೆಯನೊಬ್ಬ ಕೊಟ್ಟಿದ್ದ. ಹಾವು ಅವನ ಸೋತ ಕೈಗಳ ಮೇಲೆ ನಿಧಾನವಾಗಿ ಹರಿದಾಡುತ್ತಿತ್ತು.

"ಅಕ್ಕಾ, ನೋಡು. ನಮ್ಮಿಬ್ಬರಿಗೂ ಸೀದಾ ಹೋಗಾಕ ಬರೂದಿಲ್ಲ," ಎಂದು ಅವನು ನಗುತ್ತಿದ್ದ.

ಕಳೆದ ರಮಜಾನಿನ ಮೊದಲು ಅವನು ಹೋದ. ನವಾಬ ಉಳಿದ.

ಆ ಹಾವಿಗೆ ಮರಿಗಳಾದರೆ ತಮ್ಮನದು ಏನೋ ಒಂದು ಈ ಮನೆಯಲ್ಲಿ ಮುಂದುವರಿಯುತ್ತದೆ... ಅಷ್ಟೇ ಅವಳ ಆಸೆ. ಅದನ್ನು ಆ ಡಾಕ್ಟರನಿಗೆ ಹೇಗೆ ಹೇಳುವುದು? ಹೇಳಿದರೂ ಅರ್ಥವಾಗುತ್ತಿತ್ತೇ?

---

ಚಳಿಗಾಲದಲ್ಲಿ ನವಾಬ ಉಣ್ಣುವುದನ್ನು ಬಿಟ್ಟ. ಬಾಯಿ ತೆರೆದು ಉಸಿರಾಡತೊಡಗಿದ. ಮೂಗಿನ ಬಳಿ ಗುಳ್ಳೆ ಕಾಣಿಸಿತು. ಗದಗದಲ್ಲಿ ಶಾಹಿಸ್ತಾ ವಿಚಾರಿಸಿದ ಕಡೆಯೆಲ್ಲ, ಹಾವಿಗೆ ಔಷಧ ಕೊಟ್ಟು ಗೊತ್ತಿಲ್ಲ ಎಂದರು.

"ಆ ಲಕ್ಷ್ಮೇಶ್ವರದ ಡಾಕ್ಟ್ರಿಗೆ ಫೋನ್ ಮಾಡವಾ," ಎಂದಳು ತಾಯಿ ಸಾಬೀರಾ.

"ಅವರ ಹಂತ್ಯಾಕ ನಾ ಹೋಗೂದಿಲ್ಲ ಅಮ್ಮಿ."

ಮಗಳು ಶಾಲೆಗೆ ಹೋದ ಮೇಲೆ ಸಾಬೀರಾ ತಾನೇ ಫೋನ್ ಮಾಡಿದಳು.

ಸಂಜೆ ಶಾಹಿಸ್ತಾ ಮನೆಗೆ ಬಂದಾಗ ಅವಳ ಅಬ್ಬಾ ಇನ್ನೂ ಕೆಲಸದಿಂದ ಬಂದಿರಲಿಲ್ಲ; ಮುಸ್ತಾಕ ಪಡಸಾಲೆಯಲ್ಲಿ ಕುಳಿತಿದ್ದ. ನವಾಬ ಅವನ ತೊಡೆಯ ಮೇಲಿದ್ದ. ಆದರೆ ಅವನ ಕಣ್ಣು ಮೂಲೆಯಲ್ಲಿದ್ದ ಖಾಲಿ ಗಾಲಿಕುರ್ಚಿಯ ಮೇಲಿತ್ತು. ಸಾಬೀರಾ ಎಲ್ಲವನ್ನೂ ಹೇಳಿ ಮುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನನ್ನ ರಕ್ತದಿಂದನ ಬಂತ್ರಿ ಡಾಕ್ಟ್ರ. ನನ್ನ ಕೂಸಿಗೆ ನಾನ ಕೊಟ್ಟೆ..."

"ಹಂಗ ಅನಬ್ಯಾಡ್ರಿ ಅಮ್ಮಾ. ನಿಮಗ ಗೊತ್ತಿತ್ತೇನು?"

ಶಾಹಿಸ್ತಾ ಬಾಗಿಲಲ್ಲೇ ನಿಂತಳು. ಮುಸ್ತಾಕ ಅವಳನ್ನು ಕಂಡು ಎದ್ದ.

"ಅವತ್ತು ನಾ ಆಡಿದ ಮಾತು..." ಅವನ ದನಿ ತಗ್ಗಿತು. "ಹಾವಿನ ಸಲುವಾಗಿ ಅಂದದ್ದು. ಆದ್ರ ಮಾತು ಕೆಟ್ಟದ್ದ ಇತ್ತು. ಮಾಫ್ ಮಾಡ್ರಿ."

"ಮೊದಲು ನವಾಬನ್ನ ನೋಡ್ರಿ," ಎಂದಳು ಅವಳು.

ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ಪೆಟ್ಟಿಗೆಯ ಕಾವು ಸಾಲದಾಗಿತ್ತು. ಮುಸ್ತಾಕ ಚುಚ್ಚುಮದ್ದು ಕೊಟ್ಟ, ಕಾವಿನ ಹಾಸು ಸರಿಪಡಿಸಿದ. ಗುಣವಾಗುವವರೆಗೂ ಲಕ್ಷ್ಮೇಶ್ವರದಿಂದ ಬಂದುಹೋಗುತ್ತಿದ್ದ.

ನವಾಬ ಚೇತರಿಸಿಕೊಂಡ ಮೇಲೆ ಉಣಿಸುವುದನ್ನೂ ಕಲಿಸಿಕೊಟ್ಟ. ಸತ್ತ ಇಲಿಯನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು, ಅಲುಗಾಡಿಸದೆ ಹಾವಿನ ಬಾಯಿಯ ಹತ್ತಿರ ಇಡಬೇಕು.

"ಅದಕ್ಕ ಗುರಿ ಹಿಡಿಯಾಕ ಬರೂದಿಲ್ಲ. ನಾವ ಗುರಿ ಹತ್ರ ಒಯ್ಯಬೇಕು."

ನವಾಬ ಮೊದಲು ಗಾಳಿಯನ್ನು ಕಚ್ಚಿದ. ಮತ್ತೊಮ್ಮೆ ಪೆಟ್ಟಿಗೆಯ ಗಾಜಿಗೆ ಬಡಿದುಕೊಂಡ. ಶಾಹಿಸ್ತಾಳ ಕಣ್ಣು ತುಂಬಿತು. ಅಝೀಮ ರೊಟ್ಟಿಯ ತುತ್ತನ್ನು ಬಾಯಿಗೆ ಒಯ್ಯಲಾಗದೆ ಕೆಳಗೆ ಬೀಳಿಸುತ್ತಿದ್ದುದು ನೆನಪಾಯಿತು.

*ಇದೇ ಕಷ್ಟವನ್ನು ಹತ್ತಾರು ಮರಿಗಳಿಗೆ ಹಂಚಬೇಕೆಂದಿದ್ದೆನಲ್ಲ ನಾನು...*

"ನವಾಬ ಒಬ್ಬನ ಸಾಕ್ರಿ ಡಾಕ್ಟ್ರ," ಎಂದಳು ಮೆಲ್ಲಗೆ. "ಇದರ ಮರಿ ಬ್ಯಾಡ. ಮರಿ ಬಂದ್ರೂ ಅಝೀಮ ಬರೂದಿಲ್ಲ."

ಮುಸ್ತಾಕ ಇಕ್ಕಳ ಹಿಡಿದ ಅವಳ ಕೈಯನ್ನೇ ನೋಡಿದ. ಅವಳು ಇಲಿಯನ್ನು ಮತ್ತೆ ಹಾವಿನ ಬಾಯಿಯ ಹತ್ತಿರ ಒಯ್ದಳು.

ಮುಂದಿನ ವಾರ ಅವನು ಆ ಹೆಣ್ಣು ಹಾವನ್ನು ತಂದ. ಕಂದು ಮೈ, ಮೇಲೆ ಬಂಗಾರದ ಬಣ್ಣದ ಮಚ್ಚೆಗಳು. ಶಾಹಿಸ್ತಾ ಅವನು ಕಲಿಸಿದಂತೆ ನೋಡಿದಳು. ಕಣ್ಣು ತಿಳಿಯಾಗಿತ್ತು, ಮೈಮೇಲೆ ರಕ್ತ ಹೀರುವ ಉಣ್ಣೆಹುಳು ಇರಲಿಲ್ಲ, ಕೈಗೆ ಸುತ್ತಿಕೊಂಡಾಗ ಅದರ ಹಿಡಿತ ಸಮನಾಗಿತ್ತು.

"ಗಂಡು ಹೆಣ್ಣು ಒಂದ ಮನ್ಯಾಗ ಇಡಾಕ ಹೊಂಟೀರಲ್ರಿ? ಅವತ್ತು ಒಪ್ಪೂದಿಲ್ಲ ಅಂದಿದ್ರಿ."

"ಅವತ್ತು ನಿಮ್ಮ ಗುರುತಿರಲಿಲ್ಲ."

"ಈಗ?"

"ಈಗ ಐತಿ," ಎಂದ ಮುಸ್ತಾಕ. "ಯಾವಾಗಲೂ ಬೇರೆ ಪೆಟ್ಟಿಗಿ, ಹೊಸಾದಕ್ಕ ರೋಗ ಇಲ್ಲ ಅಂತ ಖಾತ್ರಿ ಆಗೂತನಕ ಬೇರೆ ಕೋಣಿ. ಹಾವಿಗೆ ಜೋಡಿ ಬೇಕಂತೇನಿಲ್ರಿ. ಒಬ್ಬೊಬ್ಬರ ಇರತಾವು, ಆರಾಮ ಇರತಾವು. ಬ್ಯಾಸರ ಅನ್ನೂದೆಲ್ಲ ಮನುಷ್ಯಾರಿಗೆ."

ಹೇಳಿದ ಮೇಲೆ ಅವನೇ ನಾಚಿ ಬೇರೆಡೆ ನೋಡಿದ. ಶಾಹಿಸ್ತಾಳ ಎದೆಯಲ್ಲಿ ಬಹಳ ದಿನಗಳಿಂದ ಮುಚ್ಚಿದ್ದ ಏನೋ ಒಂದು ಸದ್ದಿಲ್ಲದೆ ತೆರೆಯಿತು.

ತೆರೆದದ್ದಕ್ಕೇ ಅವಳಿಗೆ ಭಯವಾಯಿತು.

*ಇನ್ನು ತಡ ಮಾಡಬಾರದು. ಸತ್ಯ ಏನೆಂದು ತಿಳಿಯಬೇಕು. ಇವರಿಗೂ ತಿಳಿಯಬೇಕು...*

---

ಅವಳು ಹುಬ್ಬಳ್ಳಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಆಗಲೂ, ಫಲಿತಾಂಶ ತಿಳಿಯಲು ಮತ್ತೆ ಹೋದಾಗಲೂ ತಾಯಿಗಷ್ಟೇ ಹೇಳಿದ್ದಳು. ಆದರೆ ಈ ಸಲ ಸಂಜೆ ಗದಗ ನಿಲ್ದಾಣದಲ್ಲಿ ರೈಲು ಇಳಿದಾಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮುಸ್ತಾಕ ಕುಳಿತಿದ್ದ.

"ಅಮ್ಮಿ ಹೇಳಿದಳೇನು?"

"ಹೌದು. ಪರೀಕ್ಷಾದ ಸುದ್ದಿ ಆಗಲೇ ಹೇಳಿದ್ರು. ಇವತ್ತು ಒಬ್ಬಾಕೀನ ಬರತಾಳ ಅಂದ್ರು."

ಅವಳು ಅವನಿಂದ ತುಸು ದೂರದಲ್ಲಿ ಕುಳಿತಳು. ಇಳಿದ ಜನ ಹೊರಗಿನ ಆಟೋಗಳ ಕಡೆಗೆ ನಡೆದರು. ರೈಲು ಹೊರಟುಹೋಯಿತು.

"ನನ್ನೊಳಗೂ ಐತ್ರಿ," ಎಂದಳು ಕೊನೆಗೆ. "ನಂಗೇನೂ ಆಗೂದಿಲ್ಲಂತ. ಗಂಡುಮಗ ಹುಟ್ಟಿದ್ರ ಅವನಿಗೆ ಬರಬಹುದು, ಬರದ ಇರಬಹುದು. ಎರಡೂ ಅರ್ಧಕ್ಕರ್ಧ." ಅವಳು ಹಳಿಗಳನ್ನೇ ನೋಡುತ್ತಿದ್ದಳು. "ನೀವು ಅಂದಂಗ ಇದು ಇಲ್ಲಿಗೇ ನಿಲ್ಲಬೇಕು. ನಮ್ಮ ಮನಿ ಕಡೆ ಬರೂದು ಬಿಟ್ಟುಬಿಡ್ರಿ. ನವಾಬನ್ನ ನೋಡಿಕೊಳ್ಳೂದು ಕಲಿತೇನಿ ನಾ."

"ನಾ ಬರೂದು ಬರೇ ನವಾಬಗ ಅಂತ ತಿಳಿದೀರೇನು?"

ಅವಳು ಹಳಿಗಳಿಂದ ಕಣ್ಣು ತೆಗೆದು ಅವನತ್ತ ತಿರುಗಿದಳು.

"ಹಾವಿಗೆ ನಾವು ಕೇಳಾಕ ಬರೂದಿಲ್ಲ, ಶಾಹಿಸ್ತಾ ಅವರ. ನಿನಗ ಮರಿ ಬೇಕೇನು, ಅವು ಹೆಂಗ ಬದುಕತಾವು ಅಂತ ಅದು ವಿಚಾರ ಮಾಡೂದಿಲ್ಲ. ಅದಕ್ಕ ಅದರ ಪರವಾಗಿ ನಾ ಬ್ಯಾಡ ಅಂದೆ. ನಿಮ್ಮ ಪರವಾಗಿ ಹಂಗ ಅನ್ನಾಕ ನಾ ಯಾರು? ಮುಂಡರಗ್ಯಾವರು ಯಾರು?"

"ಆದ್ರ ಮಕ್ಕಳು..."

"ಡಾಕ್ಟ್ರ ಹಂತ್ಯಾಕ ಕೂಡೇ ಹೋಗೂಣು. ದಾರಿ ಏನೇನ ಅದಾವು ಎಲ್ಲಾ ಕೇಳೂಣು. ಬೇಕನಿಸಿದ್ರ ಬೇಕು, ಬ್ಯಾಡನಿಸಿದ್ರ ಬ್ಯಾಡ. ಅನಾಥ ಕೂಸಿನ್ನ ಸಾಕೂಣು ಅಂದ್ರ ಅದಕ್ಕೂ ತಯಾರದೇನಿ. ಏನೂ ಬ್ಯಾಡ, ಇಬ್ಬರ ಇರೂಣು ಅಂದ್ರ ಅದೂ ಆತು. ನಾ ಮಕ್ಕಳನ್ನ ಕೇಳಾಕ ಬಂದಿಲ್ಲ. ನಿಮ್ಮನ್ನ ಕೇಳಾಕ ಬಂದೇನಿ."

ಶಾಹಿಸ್ತಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಮ್ಮ ಹೋದ ದಿನ ತಾಯಿಯ ಮುಂದೆ ತಡೆದುಕೊಂಡಿದ್ದ ಅಳುವೂ ಅದರೊಂದಿಗೆ ಬಂತು. ಮುಸ್ತಾಕ ಅವಳನ್ನು ಮುಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಳು ನಿಲ್ಲುವವರೆಗೂ ಅಲ್ಲೇ ಕುಳಿತಿದ್ದ.

"ನಿಮ್ಮ ಅಮ್ಮಿಗೆ ಗೊತ್ತೈತೇನ್ರಿ?" ಎಂದಳು ಕಣ್ಣೊರೆಸಿಕೊಂಡು.

"ಹೇಳೇನಿ. ಪರೀಕ್ಷಾದಾಗ ಏನ ಬಂದ್ರೂ ನನ್ನ ಮಾತು ಇದ ಅಂತನೂ ಹೇಳೇನಿ. ಒಂದಷ್ಟು ದಿನ ನನ್ನ ಕೂಡ ಮಾತ ಬಿಟ್ಟಿದ್ದಳು."

"ಆಮೇಲೆ?"

"ನಿನ್ನೆ ಕೇಳಿದಳು, ತಮ್ಮನ್ನ ಅಷ್ಟು ವರ್ಷ ಎತ್ತಿ ಇಳಿಸಿ ನೋಡಿಕೊಂಡಾಕಿ ಆಕೀನ ಏನು ಅಂತ. ಹೂಂ ಅಂದೆ. ಹಂಗಾರ ಬೆಟಗೇರಿಗೆ ಯಾವಾಗ ಹೋಗೂಣು ಅಂದಳು."

ಶಾಹಿಸ್ತಾಳ ಒದ್ದೆ ಮುಖದಲ್ಲಿ ನಗು ಮೂಡಿತು. ಎಷ್ಟೋ ಕಾಲದ ಮೇಲೆ ಮೂಡಿದ್ದರಿಂದ ಅದು ಅವಳಿಗೇ ಹೊಸದೆನಿಸಿತು.

"ಶುಕ್ರವಾರ ಬರ್ರಿ," ಎಂದಳು. "ಅಬ್ಬಾನೂ ಮನ್ಯಾಗ ಇರತಾರ."

ಇಬ್ಬರೂ ಎದ್ದು ನಿಲ್ದಾಣದ ಬಾಗಿಲಿನ ಕಡೆಗೆ ನಡೆದರು. ನಡುವೆ ಅವನು ನಿಂತ.

"ಇನ್ನ ಮ್ಯಾಲ ಬರೇ ಶಾಹಿಸ್ತಾ ಅನ್ನಲೇನು?"

"ಅನ್ರಿ."

"ನೀವೂ ನನ್ನ ಡಾಕ್ಟ್ರ ಅನ್ನೂದು ಬಿಡಬೇಕು."

"ಅದು ಅಷ್ಟು ಜಲ್ದಿ ಬಾಯಿಗೆ ಬರೂದಿಲ್ರಿ..."

"ಜಲ್ದಿ ಏನೈತಿ," ಎಂದ ಮುಸ್ತಾಕ. "ನಾ ಇರತೇನಿ."