ರುತುಜಾಳ ರಹಿವಾಸಿ ದಾಖಲೆ

ಜುಲೈ ಹದಿನಾಲ್ಕು, ಸೋಮವಾರ. ಇಚಲಕರಂಜಿಯ ಶಹಾಪುರ ಠಾಣೆಗೆ ಧನಪಾಲ ಮಗದುಮ್ ಎಂಬವರು ದೂರು ಹಿಡಿದುಕೊಂಡು ಬಂದಾಗ ಹನ್ನೊಂದು ಗಂಟೆಯಾಗಿತ್ತು. ಅವರು ಯಡ್ರಾವದ ಹತ್ತಿರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿದ್ಯಾರ್ಥಿವೇತನ ವಿಭಾಗದ ಮುಖ್ಯಸ್ಥರು. ಇನ್‌ಸ್ಪೆಕ್ಟರ್ ರೂಪಾಲಿ ಚೌಗುಲೆ ಅವರನ್ನು ಕೂರಿಸಿ ನೀರು ಕೊಡಿಸಿದರು.

"ನಮ್ಮ ಕಾಲೇಜಿನ ಹುಡಿಗಿ ಒಬ್ಬಾಕಿ ರಹಿವಾಸಿ ದಾಖಲೆ ಕೊಟ್ಟಾಳ್ರಿ. ಅದು ಖೋಟಾ," ಅಂದರು ಧನಪಾಲ.

"ಹೆಂಗ ಗೊತ್ತಾತು?"

"ಅದರ ಮ್ಯಾಲಿನ ಕೋಡ್ ಮೊಬೈಲಿನಾಗ ಸ್ಕ್ಯಾನ್ ಮಾಡಿದ್ರ ಬ್ಯಾರೆಯವರ ಹೆಸರು ಬರ್ತೈತಿ. ನೇಸರಿ ಊರಿನ ಯಾವನೋ ಕೇದಾರ ಅಂತ."

ರಹಿವಾಸಿ ದಾಖಲೆ ಎಂದರೆ ಈ ವ್ಯಕ್ತಿ ಭಾರತದ ನಾಗರಿಕ, ಇದೇ ರಾಜ್ಯದ ನಿವಾಸಿ ಎಂದು ಸರ್ಕಾರ ಕೊಡುವ ಪ್ರಮಾಣಪತ್ರ. ಅದಿಲ್ಲದಿದ್ದರೆ ವಿದ್ಯಾರ್ಥಿವೇತನವಿಲ್ಲ. ಹುಡುಗಿಯ ಹೆಸರು ರುತುಜಾ, ಎರಡನೇ ವರ್ಷ, ಶಹಾಪುರದ ನೇಕಾರರ ವಸತಿಯವಳು. ಎಫ್‌ಐಆರ್ ದಾಖಲಾಯಿತು. ಅದು ದಾಖಲಾದ ಸ್ವಲ್ಪ ಹೊತ್ತಿಗೇ ಕೊಲ್ಹಾಪುರದಿಂದ ಮೇಲಧಿಕಾರಿಯ ಫೋನು. ನಾಗರಿಕತ್ವದ ಕಾಗದ ಖೋಟಾ ಎಂದರೆ ಹಿಂದೆ ದೊಡ್ಡ ಗುಂಪಿರಬಹುದು, ಹೊರದೇಶದವರೂ ಇರಬಹುದು, ಬೇಗ ಹುಡುಕಿ ಎಂದರು. ರೂಪಾಲಿ ಹವಾಲ್ದಾರ್ ಬಸಗೊಂಡನನ್ನು ನೇಸರಿಗೆ ಕಳಿಸಿ, ತಾವು ಹುಡುಗಿಯ ಮನೆಗೆ ಹೊರಟರು.

ಓಣಿಯ ಎರಡೂ ಬದಿಯ ಶೆಡ್ಡುಗಳಲ್ಲಿ ಮಗ್ಗಗಳು ಗದ್ದಲವೆಬ್ಬಿಸಿದ್ದವು. ಬಾಗಿಲಲ್ಲಿ ನಿಂತು ಮಾತಾಡಿದರೆ ಕೇಳಿಸದು. ರುತುಜಾ ಒಬ್ಬಳೇ ಇದ್ದಳು. ತಂದೆ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ತಾಯಿ ಬಾಳಕ್ಕ ಮಗ್ಗಕ್ಕೆ ನೂಲಿನ ಕಾಂಡಿ ಸುತ್ತುವ ಕೆಲಸಕ್ಕೆ ಹೋಗಿದ್ದಳು. ದಾಖಲೆ ಖೋಟಾ, ಎಫ್‌ಐಆರ್ ಆಗಿದೆ ಎಂದು ರೂಪಾಲಿ ಒಳಗೆ ಕೂತು ತಿಳಿಸಿದರು.

"ದಾಖಲೆ ಯಾರು ಮಾಡಿಕೊಟ್ರು?"

"ನಾನ ಮಾಡೇನ್ರಿ, ಮೇಡಂ."

"ಎಲ್ಲೆ?"

"ಮೊಬೈಲಿನಾಗ."

"ತಹಶೀಲ್ದಾರರ ಸಹಿ ಎಲ್ಲಿಂದ ತಂದಿ?"

"ಅದನ್ನೂ ನಾನ ಮಾಡೇನ್ರಿ." ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಆದರೂ ಹಟ ಬಿಡಲಿಲ್ಲ. ರೂಪಾಲಿಗೆ ಸಿಟ್ಟು ಬಂತು. "ನಾಳೆ ಮತ್ತ ಬರ್ತೀನಿ. ಖರೇ ಹೇಳ್ಲಿಲ್ಲಂದ್ರ ಆರೋಪಿ ಅಂತ ನಿನ್ನ ಹೆಸರ ಬೀಳತೈತಿ. ಕಾಲೇಜು, ಕಲಿಯೋದು ಎಲ್ಲಾ ಅಲ್ಲಿಗೇ ಮುಗೀತು, ತಿಳ್ಕೊ," ಎಂದು ಎದ್ದುಬಿಟ್ಟರು.

ಮರುದಿನ ಮುಂಜಾನೆ ಠಾಣೆಯ ಬಾಗಿಲು ಗುಡಿಸುವ ಹೊತ್ತಿಗೇ ಬಾಳಕ್ಕ ಓಡಿಬಂದಳು. ಸೆರಗಿಗೆ ನೂಲಿನ ಎಳೆಗಳು ಅಂಟಿಕೊಂಡಿದ್ದವು.

"ಮೇಡಂ, ನನ್ನ ಮಗಳು ಮನ್ಯಾಗ ಇಲ್ರಿ! ಫೋನೂ ಹತ್ತವಲ್ದು. ನೀವು ನಿನ್ನಿ ಆಕಿಗಿ ಏನಂದ್ರಿ?"

ಏನಂದಿದ್ದೆನೆಂಬುದು ರೂಪಾಲಿಗೆ ಅಕ್ಷರಅಕ್ಷರವಾಗಿ ನೆನಪಿತ್ತು. ಕಾಣೆಯಾದ ಪ್ರಕರಣ ದಾಖಲಿಸಿದರು. ಪಂಚಗಂಗೆಯ ಸೇತುವೆಗೆ ಇಬ್ಬರು ಸಿಬ್ಬಂದಿಯನ್ನು ಅಟ್ಟಿದರು. ಮಳೆಗಾಲದ ಹೊಳೆ ದಡ ಮುಟ್ಟಿ ಹರಿಯುತ್ತಿತ್ತು. ಬಸ್ ನಿಲ್ದಾಣಕ್ಕೆ ಫೋಟೋ ಹೋಯಿತು. ಸೇತುವೆಯಿಂದ ಮತ್ತೆ ಮತ್ತೆ ಫೋನು ಬಂತು. ಪ್ರತಿ ಸಲವೂ ಅದೇ ಮಾತು: ಇನ್ನೂ ಏನೂ ಸಿಕ್ಕಿಲ್ಲ.

"ಮನ್ಯಾಗಿಂದ ಏನರೆ ಒಯ್ದಾಳೇನು ನೋಡಿದೇನವಾ?"

ಬಾಳಕ್ಕ ನೆನಪು ಮಾಡಿಕೊಂಡಳು. "ಟ್ರಂಕಿನಾಗಿನ ಆಕೀ ಆಧಾರ್ ಕಾರ್ಡು, ಸಾಲಿ ಕಾಗದಾ ಎಲ್ಲಾ ಇಲ್ರಿ."

ರೂಪಾಲಿ ಕುರ್ಚಿಗೆ ಬೆನ್ನು ಕೊಟ್ಟು ಉಸಿರು ಬಿಟ್ಟರು. ಜೀವ ಕಳೆದುಕೊಳ್ಳಲು ಹೊರಟವರು ಶಾಲೆಯ ಕಾಗದ ಕಟ್ಟಿಕೊಂಡು ಹೋಗುವುದಿಲ್ಲ. ಹಾಗೆಂದು ತಮಗೆ ತಾವೇ ಎರಡು ಸಲ ಹೇಳಿಕೊಂಡರು. ಆದರೂ ಸೇತುವೆಯಿಂದ ಸಿಬ್ಬಂದಿಯನ್ನು ವಾಪಸು ಕರೆಸುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಬಸಗೊಂಡ ಒಳಗೆ ಬಂದ. ಹಿಂದಿನ ಸಂಜೆ ನೇಸರಿಯಲ್ಲಿ ಕೇದಾರನ ಹೇಳಿಕೆ ಪಡೆದು, ರಾತ್ರಿ ತಡವಾಗಿ ಊರು ಸೇರಿದ್ದ.

"ಕೇದಾರ ಡೇರಿಗೆ ಹಾಲು ಹಾಕೋ ಹುಡುಗ್ರಿ. ಇದರಾಗ ಅವಂದೇನೂ ಇಲ್ಲ. ಅವನ ದಾಖಲೆ ಖರೇದು. ಗಡಹಿಂಗ್ಲಜದ ಬಸ್ ಸ್ಟ್ಯಾಂಡ್ ಹತ್ರ ಒಂದು ಸೇವಾ ಕೇಂದ್ರ ಐತಂತ, ಅಲ್ಲೆ ಮಾಡಿಸ್ಯಾನ. ಅಲ್ಲೆ ಕಂಪ್ಯೂಟರ್ ಮುಂದ ಕೂಡೋ ಅಕ್ಕಾರು ಭಾಳ ಚಲೋ ಅದಾರ, ಎಂಥಾ ಕಾಗದಾನೂ ತಗಸಿ ಕೊಡ್ತಾರ ಅಂದ."

ಬಾಳಕ್ಕನ ಮುಖ ಬಾಡಿತು.

"ಗಡಹಿಂಗ್ಲಜದಾಗ ನಿಮ್ಮವರು ಯಾರದಾರ?" ರೂಪಾಲಿ ಮೆಲ್ಲಗೆ ಕೇಳಿದರು.

"ನನ್ನ ನಾದಿನಿ ಮನೀಷಾ... ಕಂಪ್ಯೂಟರ್ ಮುಂದ ಕೂಡಾಕಿ ಆಕೀನ್ರಿ. ರುತುಜಾ ಅಂದ್ರ ಆಕಿಗಿ ಜೀವ." ಬಾಳಕ್ಕ ಕಣ್ಣೊರೆಸಿಕೊಂಡಳು. "ಮೇಡಂ, ನಾನು ಗಡಿ ಆಚೆ, ಕರ್ನಾಟಕದ ಸಂಕೇಶ್ವರದಾಕಿ. ಹಡಿಯಾಕ ತವರಿಗೆ ಹೋಗಿದ್ನಿ, ಕೂಸು ಅಲ್ಲೆ ಹುಟ್ಟಿತು. ನಮ್ಮವರು ಹೋದಮ್ಯಾಲ ನಾಕು ವರ್ಷ ಅಜ್ಜಿ ಕಡೆ ಇಟ್ಟು ಅಲ್ಲೇ ಸಾಲಿಗಿ ಹಚ್ಚಿದ್ನಿ. ಗಡಹಿಂಗ್ಲಜದಿಂದ ಅರ್ಧಾ ತಾಸಿನ ದಾರಿ ಅದು. ಅಷ್ಟಕ್ಕ ಯಾರರೆ ನಾವು ಈ ಕಡ್ಯಾವ್ರ ಅಲ್ಲಂದ್ರ, ಎಲ್ಲ್ಯಾವ್ರು ಅಂತ ಹೇಳೂದ್ರಿ?"

ರೂಪಾಲಿ ಗಡಹಿಂಗ್ಲಜಕ್ಕೆ ಹೊರಡಲು ಜೀಪು ತರಿಸಿದರು. ಬಾಳಕ್ಕನನ್ನೂ ಜೀಪಿಗೆ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಎದುರಿನಿಂದ ಕೆಂಪು ಬಸ್ಸು ಬಂದಾಗಲೆಲ್ಲ ಬಾಳಕ್ಕ ಕಿಟಕಿಗಳತ್ತ ಕತ್ತು ಚಾಚಿ ನೋಡುತ್ತಿದ್ದಳು.

ಸೇವಾ ಕೇಂದ್ರದ ಷಟರ್ ಅರ್ಧ ಇಳಿದಿತ್ತು. ಬಸಗೊಂಡ ಅದನ್ನು ಎತ್ತಿದ. ಒಳಗೆ ರುತುಜಾ ನೆಲದ ಮೇಲೆ ಕುಳಿತಿದ್ದಳು. ಶಾಲೆಯ ಕಾಗದಗಳು ಮಡಿಲಲ್ಲಿದ್ದವು. ಬಾಳಕ್ಕ ಓಡಿಹೋಗಿ ಮಗಳ ಬೆನ್ನಿಗೆ ಎರಡು ಗುದ್ದು ಹಾಕಿ, ಅವಳನ್ನೇ ತಬ್ಬಿಕೊಂಡು ಅತ್ತಳು. ರೂಪಾಲಿ ಹೊರಗೆ ಹೋಗಿ ಸೇತುವೆಯ ಸಿಬ್ಬಂದಿಗೆ ಫೋನು ಮಾಡಿದರು. ಇನ್ನು ವಾಪಸು ಬರಬಹುದೆಂದರು.

ಕಂಪ್ಯೂಟರಿನ ಮುಂದೆ ಮೂವತ್ತೈದರ ಆಸುಪಾಸಿನ ಹೆಂಗಸು ಎದ್ದು ನಿಂತಿದ್ದಳು. ಓಡುವ ಯೋಚನೆ ಅವಳಿಗಿದ್ದಂತೆ ಕಾಣಲಿಲ್ಲ.

"ಮನೀಷಾ ನೀವೇನು?"

"ಹೌದ್ರಿ. ಈ ಹುಡಿಗಿಗೆ ಏನೂ ಗೊತ್ತಿರಲಿಲ್ರಿ. ಖರೇದು ಅಂತ ತಿಳ್ಕೊಂಡು ಕೊಟ್ಟಾಳ."

"ಕೇದಾರನ ದಾಖಲೆ ಮ್ಯಾಲ ಆಕೀ ಹೆಸರು ಕೂಡಿಸಿದ್ರಿ?"

"ಹೌದ್ರಿ."

"ಇನ್ನೆಷ್ಟು ಮಂದಿಗೆ ಹಿಂಗ ಮಾಡಿಕೊಟ್ಟೀರಿ?"

"ಇದೊಂದರೀ. ಬೇಕಾದ್ರ ಎಲ್ಲಾ ತಗದು ನೋಡ್ರಿ."

ನೋಡಿದರು. ಪಕ್ಕದ ಅಂಗಡಿಗಳಿಂದ ಇಬ್ಬರು ಪಂಚರನ್ನು ಕರೆಸಿ, ಕಂಪ್ಯೂಟರ್ ಮತ್ತು ಪ್ರಿಂಟರ್ ವಶಪಡಿಸಿಕೊಂಡು ಪಂಚನಾಮೆ ಬರೆದರು. ಮೇಲಧಿಕಾರಿ ಹೇಳಿದ ಗುಂಪಿನ ಸುಳಿವು ಎಲ್ಲೂ ಇರಲಿಲ್ಲ. ಎಪ್ರಿಲ್‌ನಲ್ಲಿ ರುತುಜಾಳ ಹೆಸರಿನಲ್ಲಿ ಕ್ರಮಬದ್ಧವಾಗಿ ಹಾಕಿದ ಅರ್ಜಿ ಸಿಕ್ಕಿತು. ಅದು ಎರಡು ಸಲ ತಿರಸ್ಕೃತವಾಗಿ ಬಂದಿತ್ತು: ಜನನ ಕರ್ನಾಟಕದಲ್ಲಿ, ಸತತ ವಾಸಕ್ಕೆ ಪುರಾವೆ ಇಲ್ಲ.

ಬಂಧನದ ಕಾಗದಕ್ಕೆ ಮನೀಷಾ ಸಹಿ ಹಾಕುತ್ತಿದ್ದಾಗ ರುತುಜಾ ಹತ್ತಿರ ಬಂದಳು.

"ಅತ್ತಿ, ಅವಸರಕ್ಕ ಇದನ್ನ ಮಾಡಿದಿ, ಇರ್ಲಿ. ಖರೇ ದಾಖಲೆ ಯಾವಾಗ ಬರ್ತೈತಿ? ಅದು ಬಂದ್ರ ಮೇಡಮ್ಮಾರಿಗೂ ತೋರಸಬಹುದಲ್ಲ."

ಪೊಲೀಸರನ್ನು ಕಂಡಾಗ ಅಲುಗದಿದ್ದ ಮನೀಷಾಳ ಕೈಯಿಂದ ಪೆನ್ನು ಜಾರಿತು. ರೂಪಾಲಿ ಅದನ್ನು ಎತ್ತಿಕೊಟ್ಟು ಕಾದರು.

"ಬರಂಗಿಲ್ಲವಾ," ಅಂದಳು ಮನೀಷಾ ಕೊನೆಗೆ. "ಎರಡ ಸಲ ವಾಪಸ್ ಬಂತು. ನೀ ಸತತ ಇಲ್ಲೇ ಇದ್ದಿದ್ದಕ್ಕ ಪುರಾವೆ ಇಲ್ಲಂತ."

ಆಮೇಲೆ ದಾಖಲಿಸಿಕೊಂಡ ಹೇಳಿಕೆಯಲ್ಲಿ ಅವಳು ಮುಚ್ಚಿಟ್ಟದ್ದೇನೂ ಇರಲಿಲ್ಲ. ಹುಡುಗಿ ದಿನಾ ಫೋನು ಮಾಡಿ ಬಂತಾ ಅತ್ತಿ ಅಂತ ಕೇಳುತ್ತಿದ್ದಳು. ಇವಳು ನಾಳೆ ಬರುತ್ತದೆ ಅನ್ನುತ್ತಿದ್ದಳು. ನೀನು ಇಲ್ಲಿಯವಳು ಅಂತ ಸಾಬೀತಾಗಿಲ್ಲ ಎಂಬ ಮಾತನ್ನು ಎತ್ತಿ ಆಡಿಸಿದ ಕೂಸಿಗೆ ಯಾವ ಬಾಯಿಂದ ಹೇಳಬೇಕೋ ಅವಳಿಗೆ ತಿಳಿಯಲಿಲ್ಲ. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಬಂದೇ ಬಿಟ್ಟಿತು. ಆ ಸಂಜೆ ಕೇದಾರನ ದಾಖಲೆ ಕಂಪ್ಯೂಟರಿನಲ್ಲಿ ತೆರೆದೇ ಇತ್ತು.

ರುತುಜಾಳನ್ನು ಸಾಕ್ಷಿಯೆಂದು ರೂಪಾಲಿ ಬರೆದುಕೊಂಡರು. ಸೇವಾ ಕೇಂದ್ರದ ಬಾಗಿಲಿಗೆ ಸೀಲು ಬಿತ್ತು. ಜೀಪು ಹೊರಡುವ ಮೊದಲು ಹುಡುಗಿ ಕಿಟಕಿಯ ಹತ್ತಿರ ಬಂದು ಅತ್ತೆಯ ಕೈ ಹಿಡಿದಳು.

"ಅಜ್ಜಿ ಕಡೆ ಇದ್ದ ನಾಕು ವರ್ಷದ್ದ ಅಡಚಣಿ ಆಗಿತ್ತೇನು? ಅಷ್ಟ ಹೇಳಿದ್ರ ನಾನ ಆಫೀಸಿಗೆ ಹೋಗಿ ಕೇಳ್ತಿದ್ನೆಲ್ಲ, ಅತ್ತಿ. ನಾನೇನು ಅಂಜ್ತಿದ್ನೇನು?"

ಮನೀಷಾ ಅವಳ ಮುಖವನ್ನೇ ನೋಡುತ್ತ ಕುಳಿತಳು.