ಯೋರುನ್ ಎಳೆದ ಗೆರೆ

ನೀವು ನಂಬದಿದ್ದರೆ ಬಿಡಿ, ಆದದ್ದನ್ನು ಹೇಳುತ್ತೇನೆ. ಬರ್ಗೆನ್ನಿನಲ್ಲಿ ಬೀದಿಗೋಡೆಗಳ ಮೇಲೆ ಚಿತ್ರ ಬರೆಯುವ ನಮ್ಮಲ್ಲೊಂದು ಕಟ್ಟುಪಾಡಿದೆ. ಇನ್ನೊಬ್ಬರ ಚಿತ್ರದ ಮೇಲೆ ಬಣ್ಣ ಹಚ್ಚಿದರೆ ಅವರು ಬಂದು ನಮ್ಮ ಚಿತ್ರಕ್ಕೆ ಅಡ್ಡಗೆರೆ ಎಳೆಯುತ್ತಾರೆ. ನಮ್ಮಲ್ಲೊಬ್ಬಳಾದ ಯೋರುನ್ ಎಳೆಯುತ್ತಿದ್ದುದು ಹಳದಿ ಗೆರೆ. ಕ್ಷಮಿಸುವ ಜಾಯಮಾನ ಅವಳದಲ್ಲ.

ಅವಳು ತೀರಿಕೊಂಡ ಮೇಲೆ ಗ್ಯಾಲರಿಯ ಸಿಗ್ವಾರ್ಟ್ ಅವಳ ಚಿತ್ರಗಳನ್ನು ಗೋಡೆ ಸಮೇತ ಕೊಯ್ದು ತಂದು ಪ್ರದರ್ಶನಕ್ಕಿಟ್ಟ. "ಈ ಮುಖ ಬಿರುಕು ಬಿಟ್ಟಿದೆ, ಒಂಚೂರು ಬಣ್ಣ ಹಚ್ಚಿಬಿಡು ಮಾರಾಯ. ಸತ್ತವಳು ಎದ್ದು ಬಂದು ಜಗಳ ಆಡ್ತಾಳಾ?" ಅಂದ. ನಾನೂ ಹಲ್ಲು ಕಿಸಿದು ಹಚ್ಚಿಬಿಟ್ಟೆ.

ಮನೆಯಲ್ಲೇ ಕೂತು ನೋಡುವವರಿಗಾಗಿ ಅವತ್ತೇ ಗ್ಯಾಲರಿಯ ಫೋಟೊ ತೆಗೆದು ಇಂಟರ್ನೆಟ್ಟಿನಲ್ಲಿ ವರ್ಚುವಲ್ ಟೂರ್ ಹಾಕಿದರು. ಅದರಲ್ಲಿ ಕಿಟಕಿಯಾಚೆ, ಬೀದಿಯ ಎದುರು ಗೋಡೆಯ ಮೇಲೆ ನಾನು ಬರೆದ ನನ್ನ ಮಗಳು ಇಲ್ವಾಳ ಮುಖ ಕಾಣುತ್ತದೆ. ಸೋಮವಾರ ಟೂರ್ ತೆರೆದರೆ ಆ ಮುಖದ ಎಡಗೆನ್ನೆಯ ಮೇಲೆ ಹಳದಿ ಗೆರೆ. ಓಡಿಹೋಗಿ ನೋಡಿದೆ. ಗೋಡೆಯ ಮೇಲಿನ ಮುಖ ಶುಭ್ರವಾಗಿತ್ತು, ಹಸಿ ಬಣ್ಣದ ವಾಸನೆ ಮಾತ್ರ ಇತ್ತು. ಮಂಗಳವಾರ ಟೂರಿನಲ್ಲಿ ಗೆರೆ ಮೂಗು ದಾಟಿತ್ತು. ಬುಧವಾರ ಬಲಗೆನ್ನೆ ಮುಟ್ಟಿತ್ತು. ಗೋಡೆಯ ಮೇಲೆ ಆಗಲೂ ಏನಿಲ್ಲ.

ಇವತ್ತು ಮಧ್ಯಾಹ್ನ ಶಿಶುವಿಹಾರದ ಟೀಚರ್ ಫೋನ್ ಮಾಡಿದರು.

"ಇಲ್ವಾಳ ಮುಖಕ್ಕೆ ನಿಮ್ಮ ಬಣ್ಣ ಹತ್ತಿದೆ ಕಣ್ರೀ, ಈ ಕೆನ್ನೆಯಿಂದ ಆ ಕೆನ್ನೆವರೆಗೆ. ಬೆಳಗ್ಗೆಯಿಂದ ಒರೆಸ್ತಾನೇ ಇದೀವಿ. ಇನ್ನೂ ಹಸಿಯಾಗೇ ಇದೆ."